ದೊಡ್ಡಪ್ಪನ ಮೂರು ಲೆನ್ಸು, ನಿಮ್ಮ ಒಂದು ಕ್ಯಾಮೆರಾ

ಪ್ರಶ್ನೆ: ನಮ್ಮ ದೊಡ್ಡಪ್ಪ ಬಹರೈನ್‌ನಲ್ಲಿ ಕೆಲಸದಲ್ಲಿದ್ದವರು. ಅವರು ತೀರಿಕೊಂಡ ಮೇಲೆ, ಬ್ರಹ್ಮಾವರದ ಮನೆಯ ಅಟ್ಟದಲ್ಲಿದ್ದ ಚರ್ಮದ ಚೀಲವೊಂದು ನನ್ನ ಪಾಲಿಗೆ ಬಂತು. ಅದರಲ್ಲಿ ಮೂರು ಲೆನ್ಸುಗಳಿವೆ. ನಿಕಾನ್ 50 ಎಂಎಂ ಎಫ್/1.4, ಕ್ಯಾನನ್ ಎಫ್‌ಡಿ 135 ಎಂಎಂ ಎಫ್/3.5, ಮತ್ತೆ ರಷ್ಯನ್ ಅಕ್ಷರಗಳಿರುವ ಒಂದು. ಅದರ ಮೇಲೆ ‘2/58’ ಎಂಬುದಷ್ಟೇ ನನಗೆ ಓದಲು ಬರುತ್ತದೆ. ಅದರ ಒಳಗೆ ಜೇಡ ಬಲೆ ಕಟ್ಟಿದ ಹಾಗೆ ಏನೋ ಕಾಣುತ್ತದೆ. ನನ್ನ ಬಳಿ ಇರುವುದು ನಿಕಾನ್ ಡಿ5600. ಅಂಗಡಿಯಲ್ಲಿ ಕೇಳಿದರೆ ‘ಇವೆಲ್ಲ ಡಿಜಿಟಲ್‌ಗೆ ಆಗುವುದಿಲ್ಲ, ಶೋಕೇಸಿನಲ್ಲಿಡಿ’ ಅಂದರು. ಗೆಳೆಯ ಮಿರರ್‌ಲೆಸ್ ತಗೋ ಎನ್ನುತ್ತಾನೆ. ನನಗಿರುವುದು ಯಕ್ಷಗಾನದ ಫೋಟೋ ತೆಗೆಯುವ ಹುಚ್ಚು. ಈ ಲೆನ್ಸುಗಳಿಂದ ಏನಾದರೂ ಉಪಯೋಗ ಉಂಟಾ?

ಉತ್ತರ: ಉಂಟು. ಅಂಗಡಿಯವರ ಮಾತು ನಿಮ್ಮ ಮೂರು ಲೆನ್ಸುಗಳಲ್ಲಿ ಒಂದಕ್ಕೆ ನಿಜ, ಒಂದಕ್ಕೆ ಪೂರಾ ಸುಳ್ಳು, ಇನ್ನೊಂದಕ್ಕೆ ಅರ್ಧಂಬರ್ಧ. ಯಾವುದಕ್ಕೆ ಯಾವುದು ಅನ್ನುವುದನ್ನು ಮಿಲಿಮೀಟರ್ ಲೆಕ್ಕದಲ್ಲಿ ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಮೊಬೈಲಿನ ಟಾರ್ಚ್ ಹಾಕಿಕೊಂಡು ಕೂತುಕೊಳ್ಳಿ. ನಮ್ಮ ಕರಾವಳಿಯಲ್ಲಿ ಅಟ್ಟದಿಂದ ಇಳಿದ ಲೆನ್ಸಿಗೆ ಅಡಾಪ್ಟರ್ (ಒಂದು ಕಂಪನಿಯ ಲೆನ್ಸನ್ನು ಇನ್ನೊಂದರ ಕ್ಯಾಮೆರಾಕ್ಕೆ ಕೂರಿಸುವ ಬಳೆ) ಹುಡುಕುವುದು ಎರಡನೆಯ ಕೆಲಸ. ಅದಕ್ಕೆ ಜೀವ ಇದೆಯೋ ಇಲ್ಲವೋ ನೋಡುವುದು ಮೊದಲನೆಯದು.

ಎರಡೂ ಕಡೆಯ ಮುಚ್ಚಳ ತೆಗೆಯಿರಿ. ಅಪರ್ಚರ್ (ಬೆಳಕು ಒಳಬರುವ ತೂತು) ಬಳೆಯನ್ನು ಅತಿ ಸಣ್ಣ ಸಂಖ್ಯೆಗೆ ತಿರುಗಿಸಿ, ಆಗ ತೂತು ಪೂರ್ತಿ ತೆರೆದಿರುತ್ತದೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು ಮುಂದಿನಿಂದ ಇಣುಕಿ. ನೇರ ಬೆಳಕಿನಲ್ಲಿ ಎಲ್ಲ ಲೆನ್ಸೂ ಚೆಂದವೇ. ಬಂಡವಾಳ ಬಯಲಾಗುವುದು ಓರೆ ಬೆಳಕಿನಲ್ಲಿ. ಧೂಳಿನ ಕಣ ಕಂಡರೆ ಮರೆತುಬಿಡಿ. ಒಳಗೆ ಧೂಳಿಲ್ಲದ ಹಳೆಯ ಲೆನ್ಸನ್ನು ನಾನು ಇನ್ನೂ ಕಂಡಿಲ್ಲ, ಅದು ಫೋಟೋದಲ್ಲಿ ಬರುವುದೂ ಇಲ್ಲ. ಅಂಚಿನಿಂದ ಹೊರಟು ಕವಲೊಡೆಯುತ್ತಾ ನಡುವಿಗೆ ಬರುವ ಬಿಳಿ ಎಳೆಗಳಿದ್ದರೆ ಅದು ಫಂಗಸ್. ನಿಮ್ಮ ರಷ್ಯನ್ ಲೆನ್ಸಿನಲ್ಲಿರುವ ಬಲೆ ಅದೇ ಇರಬೇಕು. ಎಳೆ ಇಲ್ಲದೆ, ಚಳಿಗಾಲದ ಬೆಳಿಗ್ಗೆ ಕನ್ನಡಕಕ್ಕೆ ಉಸಿರು ಬಿಟ್ಟ ಹಾಗೆ ಗಾಜು ಮಬ್ಬಾಗಿದ್ದರೆ ಅದು ಬೇರೆ. ಅದು ಒಳಗಿನ ಗ್ರೀಸು ಆವಿಯಾಗಿ ಗಾಜಿನ ಮೇಲೆ ಕೂತದ್ದು, ಒರೆಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಅಂಚಿನಲ್ಲಿ ಎಣ್ಣೆ ಬಿದ್ದ ನೀರಿನ ಹಾಗೆ ಬಣ್ಣಬಣ್ಣದ ತೇಪೆ ಕಂಡರೆ, ಒಂದಕ್ಕೊಂದು ಅಂಟಿಸಿದ ಗಾಜುಗಳ ನಡುವೆ ಅಂಟು ಬಿಟ್ಟಿದೆ ಎಂದರ್ಥ. ಅದನ್ನು ಸರಿಮಾಡಿಸುವ ಖರ್ಚಿಗೆ ಇನ್ನೊಂದು ಲೆನ್ಸೇ ಬರುತ್ತದೆ.

ಫಂಗಸ್ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಯಾಕೆಂದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ನನ್ನ ಮೇಜಿಗೆ ಬಂದ ಹಳೆಯ ಲೆನ್ಸುಗಳಲ್ಲಿ ಮುಕ್ಕಾಲು ಪಾಲಿನ ಕತೆ ಅದೇ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರು ನಮ್ಮದು. ಆಟಿ ತಿಂಗಳಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಮದುವೆ ಆಲ್ಬಮಿಗೆ ಬೂಷ್ಟು ಹಿಡಿಯುತ್ತದೆ. ಲೆನ್ಸನ್ನು ಮಾತ್ರ ಅದು ಬಿಡುತ್ತದೆಯೇ? ಫಂಗಸ್ಸಿನ ಬೀಜಾಣು ಗಾಳಿಯಲ್ಲಿ ಎಲ್ಲ ಕಡೆ ಇದೆ. ‘ಆ ಲೆನ್ಸಿನ ಪಕ್ಕ ಇಟ್ಟರೆ ಇದಕ್ಕೂ ಅಂಟುತ್ತದೆ’ ಅಂತ ಹೆದರಿ ಮೂರು ಲೆನ್ಸಿಗೆ ಮೂರು ಕೋಣೆ ಮಾಡುವವರನ್ನು ನೋಡಿದ್ದೇನೆ. ಅಷ್ಟು ಮಡಿ ಬೇಡ. ಬೀಜಾಣು ನಿಮ್ಮ ಹೊಸ ಲೆನ್ಸಿನ ಮೇಲೂ ಆಗಲೇ ಕೂತಿದೆ. ಮೊಳೆಯಲು ಅದಕ್ಕೆ ತೇವ, ಕತ್ತಲೆ ಮತ್ತು ಅಲುಗಾಡದ ಗಾಳಿ ಬೇಕು. ಅಟ್ಟದ ಚರ್ಮದ ಚೀಲದಲ್ಲಿ ಮೂರೂ ಒಟ್ಟಿಗೆ ಸಿಗುತ್ತವೆ.

ಬೆಳೆಯುತ್ತಾ ಹೋದ ಫಂಗಸ್ ಆಮ್ಲ ಬಿಡುತ್ತದೆ. ಆ ಆಮ್ಲ ಮೊದಲು ಗಾಜಿನ ಮೇಲಿನ ಲೇಪವನ್ನು, ಆಮೇಲೆ ಗಾಜನ್ನೇ ಕೊರೆಯುತ್ತದೆ. ಎಳೆಗಳನ್ನು ಒರೆಸಿ ತೆಗೆಯಬಹುದು, ಕೊರೆದ ಗುರುತು ಹೋಗುವುದಿಲ್ಲ. ಹಾಗಾಗಿ ಕೇಳಬೇಕಾದ್ದು ಅದು ಎಷ್ಟು ಹಳೆಯದು, ನಡುವಿನವರೆಗೆ ಬಂದಿದೆಯೋ ಅಂಚಿನಲ್ಲೇ ನಿಂತಿದೆಯೋ ಎಂದು. ಅಂಚಿನಲ್ಲಿ ಮಾತ್ರ ಇದ್ದರೆ ಫೋಟೋದಲ್ಲಿ ನಿಮಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ನಡುವಿಗೆ ಬಂದಿದ್ದರೂ ಸಾಮಾನ್ಯ ಬೆಳಕಿನಲ್ಲಿ ನಡೆಯುತ್ತದೆ. ದೀಪಕ್ಕೆ ಎದುರಾಗಿ ಹಿಡಿದಾಗ ಮಾತ್ರ ಚಿತ್ರದ ಮೇಲೆ ಹಾಲು ಚೆಲ್ಲಿದ ಹಾಗೆ ಆಗುತ್ತದೆ. ಯಕ್ಷಗಾನದಲ್ಲಿ ದೀಪ ಎದುರಿಗಿರುವುದೇ ಹೆಚ್ಚು, ಅದು ನೆನಪಿರಲಿ.

ಹೊರಗಿನ ಗಾಜಿನ ಮೇಲಿದ್ದರೆ ನೀವೇ ಒರೆಸಬಹುದು. ಔಷಧದಂಗಡಿಯ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಒಂದೆರಡು ಹನಿಯನ್ನು ಬಟ್ಟೆಗೆ ಹಾಕಿ (ನೇರ ಗಾಜಿಗೆ ಬೇಡ, ಅಂಚಿನಿಂದ ಒಳಗಿಳಿಯುತ್ತದೆ), ಮೆಲ್ಲಗೆ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಇನ್ನೊಂದು ಸಲ. ಒಳಗಿದ್ದರೆ ಬಿಚ್ಚಬೇಕು. ನಿಮ್ಮ ರಷ್ಯನ್ ಲೆನ್ಸ್ ಬಿಚ್ಚುವುದು ಬಹಳ ಕಷ್ಟವಲ್ಲ. ಮುಂದೆ ಹೆಸರು ಬರೆದ ಬಳೆಯ ಮೇಲೆ ಅದೇ ಅಗಲದ ರಬ್ಬರ್ ಮುಚ್ಚಳ ಒತ್ತಿ ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ, ಆಮೇಲೆ ಗಾಜಿನ ಕಡೆಗೆ ದಾರಿ ಸಿಗುತ್ತದೆ. ನಿಕಾನನ್ನು ಮಾತ್ರ ನೀವು ಬಿಚ್ಚಬೇಡಿ. ಹೀಗೆ ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣ ಉಂಟು. ಒಂದು ಆಟಿಯಲ್ಲಿ, ಮಳೆ ಬಿಡದೆ ಹೊರಗೆ ಹೋಗಲಾರದೆ, ನನ್ನದೇ 28 ಎಂಎಂ ನಿಕಾನಿನ ಫೋಕಸ್ ಗ್ರೀಸು ಬದಲಿಸಲು ಕೂತೆ. ಫೋಕಸಿನ ತಿರುಪು ಸುತ್ತಿಗೆ ಬಾಟಲಿ ಮುಚ್ಚಳದ ಹಾಗೆ ಒಂದೇ ಬಾಯಿಯಲ್ಲ, ಸುತ್ತಲೂ ಹಲವು ಬಾಯಿಗಳಿರುತ್ತವೆ. ಯಾವ ಬಾಯಿಯಿಂದ ಹೊರಬಂತು ಎಂದು ಗುರುತು ಹಾಕಿಕೊಳ್ಳದೆ ಎಳೆದುಬಿಟ್ಟೆ. ಮತ್ತೆ ಜೋಡಿಸಿದಾಗ ಲೆನ್ಸ್ ಸಲೀಸಾಗಿ ತಿರುಗುತ್ತದೆ, ಕಾಣಲು ಲಕಲಕ, ಆದರೆ ದೂರದ ತೆಂಗಿನಮರ ಸ್ಪಷ್ಟವಾಗುವುದೇ ಇಲ್ಲ. ಒಂದೊಂದೇ ಬಾಯಿ ಪರೀಕ್ಷಿಸುತ್ತಾ ಎರಡು ದಿನ ಹೋಯಿತು. ಆ ಗಲಾಟೆಯಲ್ಲಿ ಅಪರ್ಚರ್ ಬಳೆಗೆ ‘ಟಿಕ್’ ಶಬ್ದ ಕೊಡುವ ಸಾಸಿವೆ ಗಾತ್ರದ ಉಕ್ಕಿನ ಗುಂಡು ಸೋಫಾದ ಕೆಳಗೆ ಉರುಳಿ ಹೋದದ್ದು ಇವತ್ತಿನವರೆಗೆ ಸಿಕ್ಕಿಲ್ಲ.

ಇನ್ನೊಂದು ಪರೀಕ್ಷೆ ಬಾಕಿ ಇದೆ. ನಿಕಾನ್ ಲೆನ್ಸಿನ ಹಿಂಬದಿಯಲ್ಲಿ ಒಂದು ಸಣ್ಣ ಲಿವರ್ ಉಂಟು. ಅಪರ್ಚರ್ ಬಳೆಯನ್ನು 16ಕ್ಕೆ ತಿರುಗಿಸಿ, ಆ ಲಿವರನ್ನು ಬೆರಳಿನಿಂದ ಸರಿಸಿ ಬಿಡಿ. ಒಳಗಿನ, ಅಪರ್ಚರನ್ನು ಮುಚ್ಚುವ ಲೋಹದ ಎಲೆಗಳು ಕಣ್ಣು ಮಿಟುಕಿಸಿದ ಹಾಗೆ ಚಕ್ಕನೆ ತೆರೆದು ಮುಚ್ಚಬೇಕು. ಸೋಮಾರಿಯಾಗಿ ಎಳೆದುಕೊಂಡು ಬಂದರೆ ಎಲೆಗಳ ಮೇಲೆ ಎಣ್ಣೆ ಇದೆ. ಕ್ಯಾಮೆರಾ ಶಟರ್ ತೆರೆಯುವಷ್ಟರಲ್ಲಿ ಅವು ಮುಚ್ಚಿರುವುದಿಲ್ಲ, ಫೋಟೋ ಬೆಳ್ಳಗಾಗಿ ಹೋಗುತ್ತದೆ. ರಷ್ಯನ್ ಲೆನ್ಸಿಗೆ ಈ ತೊಂದರೆ ಇಲ್ಲ. ಅದರ ಎಲೆಗಳನ್ನು ಕೈಯಲ್ಲೇ ಮುಚ್ಚುವುದರಿಂದ ಎಣ್ಣೆ ಇದ್ದರೂ ಅದರ ಪಾಡಿಗೆ ಇರಲಿ.

ಈಗ ಮಿಲಿಮೀಟರಿಗೆ ಬರೋಣ. ಪ್ರತಿ ಕಂಪನಿಯೂ ಲೆನ್ಸ್ ಕೂರುವ ಲೋಹದ ಬಳೆಗೂ (ಮೌಂಟ್) ಫಿಲ್ಮಿಗೂ (ಈಗ ಸೆನ್ಸರಿಗೂ) ಇಂತಿಷ್ಟೇ ದೂರ ಅಂತ ಗೊತ್ತು ಮಾಡಿಕೊಂಡಿದೆ. ನಿಕಾನಿನದು 46.5 ಮಿಮೀ. ನಿಮ್ಮ ರಷ್ಯನ್ ಲೆನ್ಸಿನ ಹಿಂದೆ ತಿರುಪು ಸುತ್ತು ಇದ್ದರೆ ಅದು ಎಂ42. ಅದರ ದೂರ 45.46. ಹಳೆಯ ಕ್ಯಾನನ್ ಎಫ್‌ಡಿ ಇನ್ನೂ ಕಡಿಮೆ, 42. ಲೆನ್ಸು ತನಗೆ ಬೇಕಾದ ದೂರದಲ್ಲಿ ಕೂತರೆ ಮಾತ್ರ ಬಾವಿಕಟ್ಟೆಯಿಂದ ದಿಗಂತದವರೆಗೆ ಎಲ್ಲವನ್ನೂ ಫೋಕಸ್ ಮಾಡುತ್ತದೆ. ಬೇಕಾದ್ದಕ್ಕಿಂತ ಮುಂದೆ ಕೂತರೆ ಹತ್ತಿರದ್ದು ಸಿಗುತ್ತದೆ, ದೂರದ್ದು ಕೈತಪ್ಪುತ್ತದೆ. ಕ್ಯಾಮೆರಾದ ದೂರ ಕಡಿಮೆಯಿದ್ದು ಲೆನ್ಸಿನದು ಹೆಚ್ಚಿದ್ದರೆ ನಡುವೆ ಒಂದು ಖಾಲಿ ಕೊಳವೆ ಹಾಕಿ ಸರಿದೂಗಿಸಬಹುದು. ನಿಮ್ಮ ಡಿ5600ರ ಕಷ್ಟ ಇದರ ತಿರುಗುಮುರುಗು: ಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಬಳಗದಲ್ಲೇ ನಿಕಾನಿನದು ದೊಡ್ಡ ದೂರಗಳಲ್ಲೊಂದು. ಹೊರಗಿನ ಲೆನ್ಸಿಗೆ ಅದು ಒಳ್ಳೆಯ ಅತ್ತೆಮನೆಯಲ್ಲ.

ಆದರೆ ಸ್ವಂತದವರನ್ನು ನಿಕಾನ್ ಕೈಬಿಟ್ಟಿಲ್ಲ. 1959ರಲ್ಲಿ ಬಂದ ಎಫ್ ಮೌಂಟಿನ ಆಕಾರವೇ ನಿಮ್ಮ ಡಿ5600ರಲ್ಲೂ ಇದೆ. ಅಂಗಡಿಯವರ ಮಾತು ಪೂರಾ ಸುಳ್ಳು ಎಂದದ್ದು ಈ 50 ಎಂಎಂಗೆ. ಅದಕ್ಕೆ ಅಡಾಪ್ಟರೇ ಬೇಡ. ಕೂರಿಸುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ: ಅಪರ್ಚರ್ ಬಳೆಯ ಮೇಲೆ ದೊಡ್ಡ ಅಂಕಿಗಳ ಜೊತೆ ಮೌಂಟಿನ ಕಡೆಗೆ ಇನ್ನೊಂದು ಸಾಲು ಸಣ್ಣ ಅಂಕಿಗಳು ಇವೆಯೇ? ಬಳೆಯ ಮೇಲಿನ ಲೋಹದ ‘ಮೊಲದ ಕಿವಿ’ಯಲ್ಲಿ ಕಿಂಡಿಗಳಿವೆಯೇ? ಇದ್ದರೆ ಅದು 1977ರ ನಂತರದ ಎಐ ಮಾದರಿ, ಧೈರ್ಯವಾಗಿ ಹಾಕಿ. ಸಣ್ಣ ಸಾಲೂ ಇಲ್ಲ, ಕಿವಿಯೂ ಗಟ್ಟಿ ಅಂತಾದರೆ ಅದು ಅದಕ್ಕಿಂತ ಹಿಂದಿನದು; ಗೊತ್ತಿದ್ದವರಿಗೆ ತೋರಿಸದೆ ಯಾವ ಬಾಡಿಗೂ ಬಲವಂತ ಮಾಡಬೇಡಿ. ಡಿ7200ರಂಥ ಕ್ಯಾಮೆರಾಗಳಲ್ಲಿ ಮೌಂಟಿನ ಅಂಚಿಗೆ ಒಂದು ಸಣ್ಣ ನಾಲಿಗೆ ಇರುತ್ತದೆ, ಹಳೆಯ ಲೆನ್ಸಿನ ಬಳೆ ಅದನ್ನು ಮುರಿದು ಹಾಕುತ್ತದೆ.

ಕೂರಿಸಿದ ಕೂಡಲೇ ಕ್ಯಾಮೆರಾ ‘ಎಫ್--’ ಎಂದು ಮಿನುಗಿಸಿ ಮುನಿಸಿಕೊಳ್ಳುತ್ತದೆ, ಶಟರ್ ಬೀಳುವುದಿಲ್ಲ. ಅಂಗಡಿಯವರು ‘ಆಗುವುದಿಲ್ಲ’ ಎಂದದ್ದು ಬಹುಶಃ ಇದನ್ನು ನೋಡಿಯೇ. ಮೇಲಿನ ಡಯಲನ್ನು ಎಂ ಎಂಬಲ್ಲಿಗೆ ತಿರುಗಿಸಿ, ಮುನಿಸು ಹೋಗುತ್ತದೆ. ಈ ಲೆನ್ಸಿಗೆ ಚಿಪ್ ಇಲ್ಲದ್ದರಿಂದ ಡಿ5600 ಬೆಳಕು ಅಳೆಯುವುದಿಲ್ಲ. ಬೆಳಕಿನ ಅಂದಾಜು ನಿಮ್ಮದು, ಅಪರ್ಚರ್ ಲೆನ್ಸಿನ ಬಳೆಯಲ್ಲಿ, ಶಟರ್ ಕ್ಯಾಮೆರಾದಲ್ಲಿ. ಕೇಳಲು ಭಯಂಕರ, ಮಾಡಲು ಅಲ್ಲ. ಫಿಲ್ಮಿನ ಕಾಲದಲ್ಲಿ ರೋಲು ತೊಳೆದು ಬರುವವರೆಗೆ ಉಸಿರು ಬಿಗಿಹಿಡಿಯಬೇಕಿತ್ತು. ನಿಮಗೆ ಒಂದು ಫೋಟೋ ತೆಗೆದು ಹಿಸ್ಟೋಗ್ರಾಮ್ (ಚಿತ್ರದ ಕತ್ತಲು-ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿದರೆ ಸಾಕು. ಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಶಟರ್ 1/100 ಸೆಕೆಂಡು, ಎಫ್/16 ಎಂಬ ಹಳೆಯ ಲೆಕ್ಕದಿಂದ ಶುರುಮಾಡಿ, ಮೋಡ ಕವಿದಷ್ಟೂ ಅಪರ್ಚರ್ ತೆರೆಯುತ್ತಾ ಹೋಗಿ. ರಂಗಸ್ಥಳದ ದೀಪ ಇಡೀ ರಾತ್ರಿ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ, ಪೂರ್ವರಂಗದ ಹೊತ್ತಿನಲ್ಲೇ ಲೆಕ್ಕ ಕೂಡಿಸಿಕೊಂಡರೆ ಬೆಳಗಿನವರೆಗೆ ಅದನ್ನು ಮುಟ್ಟಬೇಕಾಗಿಲ್ಲ. ಹಾಗೆ ನೋಡಿದರೆ ಆಟೊ ಮೀಟರೇ ಯಕ್ಷಗಾನದಲ್ಲಿ ಮೋಸ ಮಾಡುವುದು. ಹಿಂದಿನ ಕಪ್ಪು ಪರದೆ ನೋಡಿ ಅದು ಕಿರೀಟದ ಮಿಂಚನ್ನೆಲ್ಲ ಸುಟ್ಟು ಬಿಳಿ ಮಾಡುತ್ತದೆ.

ಬೆಳಕಿಗಿಂತ ಫೋಕಸ್ ಕಷ್ಟ. ಡಿ5600ರ ವ್ಯೂಫೈಂಡರ್ ಆಟೊಫೋಕಸ್ ಲೆನ್ಸಿಗಾಗಿ ಮಾಡಿದ್ದು. ದೊಡ್ಡಪ್ಪನ ಕ್ಯಾಮೆರಾದಲ್ಲಿ ಇದ್ದಿರಬಹುದಾದ, ಚಿತ್ರ ಎರಡಾಗಿ ಸೀಳಿ ಕೂಡಿಕೊಳ್ಳುವ ಗಾಜು ಇದರಲ್ಲಿಲ್ಲ. ಅಷ್ಟೇ ಅಲ್ಲ, ಇಂಥ ಪರದೆ ಎಫ್/2.8ರ ಆಸುಪಾಸಿನ ಮಸುಕನ್ನಷ್ಟೇ ತೋರಿಸುತ್ತದೆ. ಎಫ್/1.4ರಲ್ಲಿ ನಿಮ್ಮ ಕಣ್ಣಿಗೆ ಸ್ಪಷ್ಟ ಅನ್ನಿಸಿದ್ದು ಫೋಟೋದಲ್ಲಿ ಮಸುಕಾಗಿರುತ್ತದೆ. ಎಡಗಡೆ ಕೆಳಗೆ ಮೂಡುವ ಹಸಿರು ಚುಕ್ಕಿಯನ್ನು ನಂಬಿ. ಆರಿಸಿಕೊಂಡ ಫೋಕಸ್ ಬಿಂದುವಿನಲ್ಲಿ ಚಿತ್ರ ಸ್ಪಷ್ಟವಾದಾಗ ಈ ಹಳೆಯ ಲೆನ್ಸಿನಲ್ಲೂ ಅದು ಉರಿಯುತ್ತದೆ. ಒಂದು ಲೆಕ್ಕ ಹೇಳುತ್ತೇನೆ. ಮೂರು ಮೀಟರ್ ದೂರದ ವೇಷವನ್ನು ಎಫ್/1.4ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 20 ಸೆಂಟಿಮೀಟರ್. ಒಂದೂವರೆ ಮೀಟರಿಗೆ ಹೋದರೆ ಬರೇ 5. ಎಫ್/2.8ಕ್ಕೆ ಮುಚ್ಚಿದರೆ ಇವು ಎರಡರಷ್ಟಾಗುತ್ತವೆ. ಕುಣಿಯುವ ಪುಂಡುವೇಷವನ್ನು 20 ಸೆಂಟಿಮೀಟರಿನಲ್ಲಿ ಹಿಡಿಯುತ್ತೇನೆಂದು ಹೊರಟರೆ ಇಡೀ ಆಟ ಮುಗಿದರೂ ನಾಲ್ಕು ಫೋಟೋ ಸಿಗಲಿಕ್ಕಿಲ್ಲ. ಎಫ್/2.8, 1/250, ಐಎಸ್‌ಒ 3200ರ ಹತ್ತಿರ ಇಟ್ಟುಕೊಂಡು, ವೇಷ ಎಲ್ಲಿಗೆ ಬಂದು ನಿಲ್ಲುತ್ತದೋ ಅಲ್ಲಿಗೆ ಮೊದಲೇ ಫೋಕಸ್ ಮಾಡಿ ಕಾಯಿರಿ. ರಂಗಸ್ಥಳದ ರಥಕ್ಕೆ ಫೋಕಸ್ ಮಾಡಿಟ್ಟರೆ ಅದರಲ್ಲಿ ಕೂತ ವೇಷ ಸಿಕ್ಕಿಯೇ ಸಿಗುತ್ತದೆ. ದಿಗಿಣ ಹಾರುವಾಗ ಭಾಗವತರ ಪದ, ಚೆಂಡೆಯ ಪೆಟ್ಟು ಕೇಳಿಸಿಕೊಳ್ಳಿ. ಎಷ್ಟನೇ ಸುತ್ತಿಗೆ ಎಲ್ಲಿಗೆ ಬರುತ್ತಾರೆ ಎನ್ನುವುದು ಆಟ ನೋಡಿದವರಿಗೆ ಗೊತ್ತೇ ಇರುತ್ತದೆ. ಆಟೊಫೋಕಸಿಗೆ ಗೊತ್ತಿಲ್ಲ.

50 ಎಂಎಂ ನಿಮ್ಮ ಕ್ಯಾಮೆರಾದಲ್ಲಿ 75 ಎಂಎಂನ ನೋಟ ಕೊಡುತ್ತದೆ, ಸೆನ್ಸರು ಫಿಲ್ಮಿಗಿಂತ ಒಂದೂವರೆ ಪಟ್ಟು ಚಿಕ್ಕದಾದ್ದರಿಂದ. ಇದರಲ್ಲಿ ಲಾಭವೂ ಉಂಟು: ಹಳೆಯ ಲೆನ್ಸುಗಳ ಮಸುಕು ಅಂಚು ಹೊರಗೇ ಉಳಿಯುತ್ತದೆ, ನಡುವಿನ ಗಟ್ಟಿ ಭಾಗ ಮಾತ್ರ ಸೆನ್ಸರಿಗೆ ಬೀಳುತ್ತದೆ.

ಇನ್ನು ಆ ರಷ್ಯನ್ ಲೆನ್ಸ್. ಅದು ಹೀಲಿಯೊಸ್ 44 ಬಳಗದ್ದು. ಹೆಸರಿನ ಬಳೆಯ ಮೇಲೆ ‘44-2’ ಉಂಟಾ ನೋಡಿ. ಹಾಗಿದ್ದರೆ ಝೆನಿಟ್ ಕ್ಯಾಮೆರಾದ ಜೊತೆ ಬಂದದ್ದು. ಕ್ರಮಸಂಖ್ಯೆಯ ಮೊದಲ ಎರಡು ಅಂಕಿ ಸಾಮಾನ್ಯವಾಗಿ ತಯಾರಾದ ವರ್ಷ. 79 ಎಂದಿದ್ದರೆ 1979. ಮೂಲದಲ್ಲಿ ಇದು ಜರ್ಮನಿಯ ಝೈಸ್ ಕಂಪನಿಯ ಬಯೋಟಾರ್ ಲೆನ್ಸಿನ ವಿನ್ಯಾಸ. ಯುದ್ಧ ಮುಗಿದ ಮೇಲೆ ಸೋವಿಯತ್ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ತಯಾರಾಯಿತು. ಇದಕ್ಕೆ ಎರಡು ಅಪರ್ಚರ್ ಬಳೆ. ಒಂದರಲ್ಲಿ ಎಷ್ಟು ಬೇಕೋ ಅಷ್ಟು ಇಟ್ಟುಕೊಂಡು, ಇನ್ನೊಂದನ್ನು ಪೂರ್ತಿ ತೆರೆದು ಫೋಕಸ್ ಮಾಡಿ, ಕ್ಲಿಕ್ಕಿಸುವ ಮುನ್ನ ಕೈಯಂದಾಜಿನಲ್ಲೇ ಮುಚ್ಚುವುದು. ಮೊದಲ ದಿನ ಬೆರಳು ತಡಕಾಡುತ್ತದೆ, ವಾರದೊಳಗೆ ರೂಢಿಯಾಗುತ್ತದೆ.

ಇದು ಡಿ5600ಕ್ಕೆ ಆಗುತ್ತದೆಯೇ ಎಂದರೆ, ಅರ್ಧಂಬರ್ಧ ಎಂದೆನಲ್ಲ, ಅದು ಇದೇ. 46.5ರಿಂದ 45.46 ಕಳೆದರೆ 1.04 ಮಿಮೀ. ಲೆನ್ಸು ಅಷ್ಟು ಮುಂದೆ ಕೂರುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸ ಅಂದುಕೊಳ್ಳಬೇಡಿ. 58 ಎಂಎಂ ಲೆನ್ಸು 1.04 ಮಿಮೀ ಮುಂದೆ ಬಂದರೆ ಅದು ಕಾಣಬಲ್ಲ ಅತಿ ದೂರ ಸುಮಾರು ಮೂರೂಕಾಲು ಮೀಟರ್. ಅಡಾಪ್ಟರಿನ ಅಂಚಿನ ದಪ್ಪವೂ ಸೇರಿದರೆ ಇನ್ನೂ ಕಡಿಮೆ. ಕಾಪು ದೀಪಸ್ತಂಭ, ಮಲ್ಪೆಯ ದೋಣಿ, ರಥಬೀದಿಯ ರಥ ಯಾವುದೂ ಸಿಗುವುದಿಲ್ಲ. ಇದಕ್ಕೆ ಪರಿಹಾರವೆಂದು ನಡುವೆ ಒಂದು ಸಣ್ಣ ಗಾಜು ಸೇರಿಸಿದ ಅಡಾಪ್ಟರ್ ಮಾರುತ್ತಾರೆ. ಅದನ್ನು ಹಾಕಿದರೆ ದಿಗಂತ ಸಿಗುತ್ತದೆ, ಆದರೆ ಆ ಅಗ್ಗದ ಗಾಜು ಪೂರ್ತಿ ತೆರೆದ ಅಪರ್ಚರಿನಲ್ಲಿ ಚಿತ್ರವನ್ನು ಗಂಜಿ ಮಾಡುತ್ತದೆ. ಹೀಲಿಯೊಸಿನ ಸೊಗಸು ಇರುವುದೇ ಪೂರ್ತಿ ತೆರೆದಾಗ. ಅದನ್ನೇ ಕೆಡಿಸಿಕೊಂಡು ದಿಗಂತ ಸಂಪಾದಿಸುವುದು ನನಗೆ ಹಿಡಿಸುವುದಿಲ್ಲ. ಗಾಜಿಲ್ಲದ ಬರೀ ಬಳೆ ಅಡಾಪ್ಟರ್ ತಗೊಳ್ಳಿ.

ಮೂರು ಮೀಟರೂ ಕಾಣದ ಲೆನ್ಸು ಯಾಕೆ ಅಂತ ಕೇಳುತ್ತೀರಿ. ಚೌಕಿಗೆ (ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ) ಹೋಗಿ ನೋಡಿ. ಅಲ್ಲಿ ಎಲ್ಲವೂ ಕೈಗೆಟುಕುವ ದೂರದಲ್ಲೇ. ಗಣಪತಿಯ ಮುಂದಿನ ದೀಪ, ಸಾಲಾಗಿ ತೆರೆದಿಟ್ಟ ಪೆಟ್ಟಿಗೆಗಳು, ಚಾಪೆಯ ಮೇಲೆ ಕಾಲು ಮಡಚಿ ಕೂತ ಕಲಾವಿದರು. ಬಣ್ಣದ ವೇಷಧಾರಿ ಒಂದು ಕೈಯಲ್ಲಿ ಪುಟ್ಟ ಕನ್ನಡಿ ಹಿಡಿದು, ಇನ್ನೊಂದು ಕೈಯ ಕಡ್ಡಿಯಿಂದ ಕೆನ್ನೆಗೆ ಚುಟ್ಟಿ ಇಡುತ್ತಾ ಇರುತ್ತಾರೆ. ಒಂದೊಂದೇ ಬಿಳಿ ಮುಳ್ಳು ಎದ್ದು ನಿಲ್ಲುತ್ತದೆ. ನೀವು ಒಂದು ಮೀಟರ್ ದೂರದಲ್ಲಿ ಕೂತು ಎಫ್/2ರಲ್ಲಿ ಕಣ್ಣಿಗೆ ಫೋಕಸ್ ಮಾಡಿದರೆ ಸ್ಪಷ್ಟ ಇರುವುದು ಎರಡೂವರೆ ಸೆಂಟಿಮೀಟರಿನೊಳಗೆ: ರೆಪ್ಪೆ, ಕೆನ್ನೆಯ ನಾಲ್ಕು ಚುಟ್ಟಿ, ಅಷ್ಟೇ. ಹಿಂದೆ ತೂಗುಹಾಕಿದ ಬಲ್ಬುಗಳು, ಕಿರೀಟದ ಬೇಗಡೆ ಎಲ್ಲ ಕರಗಿ ಉಂಡೆಯುಂಡೆ ಬೆಳಕಾಗುತ್ತವೆ. ಕಲಾವಿದರು ಸುಮ್ಮನೆ ಕೂತಿರುವುದರಿಂದ ಕೈಯಿಂದ ಫೋಕಸ್ ಮಾಡಲು ಬೇಕಾದಷ್ಟು ಹೊತ್ತೂ ಇರುತ್ತದೆ. ದಿಗಂತ ಕಳಕೊಂಡ ಲೆನ್ಸಿಗೆ ಇದಕ್ಕಿಂತ ಒಳ್ಳೆಯ ಕೆಲಸ ನಾನು ಕಾಣೆ. ಮೇಳದವರನ್ನು ಕೇಳಿಯೇ ಒಳಗೆ ಹೋಗಿ, ಚಪ್ಪಲಿ ಹೊರಗೆ ಬಿಡಿ. ಫ್ಲ್ಯಾಶ್ ಮಾತ್ರ ಹಾಕಬೇಡಿ ಮಾರಾಯರೇ.

ಹೀಲಿಯೊಸಿನ ಹಿನ್ನೆಲೆ ಸುಳಿಯಾಗಿ ತಿರುಗುತ್ತದೆ ಎಂದು ನೀವು ಕೇಳಿರಬಹುದು. ನಿಜ, ಆದರೆ ಆ ಸುಳಿ ಜೋರಾಗಿ ಇರುವುದು ಚಿತ್ರದ ಅಂಚುಗಳಲ್ಲಿ, ನಿಮ್ಮ ಸೆನ್ಸರು ಅದನ್ನೇ ಕತ್ತರಿಸುತ್ತದೆ. ಅಲ್ಪಸ್ವಲ್ಪ ಕಾಣಬೇಕೆಂದರೆ ಅಡಿಕೆ ತೋಟದೊಳಗೆ, ಎಲೆಗಳ ಸಂದಿನಿಂದ ಬಿಸಿಲು ಚುಕ್ಕಿಚುಕ್ಕಿಯಾಗಿ ಬೀಳುವಾಗ ಪ್ರಯತ್ನಿಸಿ.

ಕ್ಯಾನನ್ ಎಫ್‌ಡಿಯ ವಿಷಯದಲ್ಲಿ ಅಂಗಡಿಯವರು ಸರಿ. 4.5 ಮಿಮೀ ಅಂತರ ಎಂದರೆ ಈ 135 ಎಂಎಂ ಲೆನ್ಸು ನಾಲ್ಕು ಮೀಟರಿಂದಾಚೆ ಹೆಚ್ಚೇನೂ ನೋಡಲಾರದು. ದೂರದ್ದನ್ನು ಹತ್ತಿರ ತರಲೆಂದೇ ಇರುವ ಲೆನ್ಸಿಗೆ ಇದು ಶಿಕ್ಷೆ. ಎಫ್‌ಡಿಯನ್ನು ಕ್ಯಾನನ್ 1971ರಲ್ಲಿ ತಂದು 1987ರಲ್ಲಿ ಹೊಸ ಮೌಂಟಿಗೆ ಹಾರಿತು. ಹಾಗಾಗಿ ಕ್ಯಾನನಿನದೇ ಡಿಜಿಟಲ್ ಎಸ್‌ಎಲ್‌ಆರ್‌ಗೂ ಇದು ನೇರವಾಗಿ ಕೂರುವುದಿಲ್ಲ. ಇದನ್ನು ಈಗ ತೆಗೆದಿಡಿ, ಬಿಸಾಡಬೇಡಿ.

ಯಾಕೆಂದರೆ ನಿಮ್ಮ ಗೆಳೆಯನ ಮಾತಿನಲ್ಲೂ ಹುರುಳಿದೆ. ಮಿರರ್‌ಲೆಸ್ಸಿನಲ್ಲಿ ಕನ್ನಡಿ ಇಲ್ಲದ್ದರಿಂದ ದೂರ ಬಹಳ ಕಡಿಮೆ: ಸೋನಿ ಇ ಮೌಂಟಿನಲ್ಲಿ 18 ಮಿಮೀ, ನಿಕಾನ್ ಝಡ್‌ನಲ್ಲಿ 16, ಕ್ಯಾನನ್ ಆರ್‌ಎಫ್‌ನಲ್ಲಿ 20. ಅಂದರೆ ಸೋನಿಯಲ್ಲಿ ನಿಮ್ಮ ಎಫ್‌ಡಿಗೆ 24 ಮಿಮೀ ಉದ್ದದ ಖಾಲಿ ಕೊಳವೆ, ನಿಕಾನಿಗೆ 28.5, ಹೀಲಿಯೊಸಿಗೆ 27.46. ಒಳಗೆ ಗಾಜಿಲ್ಲ, ವಿದ್ಯುತ್ತಿಲ್ಲ, ಮೂರೂ ದಿಗಂತ ಕಾಣುತ್ತವೆ. ಎಫ್‌ಡಿ ಕೊಳವೆಯ ಮೇಲೆ ‘ಓಪನ್-ಲಾಕ್’ ಎಂಬ ಬಳೆಯಿರುತ್ತದೆ. ಅದನ್ನು ಲಾಕಿಗೆ ತಿರುಗಿಸದಿದ್ದರೆ ಲೆನ್ಸಿನ ಬಳೆ ಎಷ್ಟು ತಿರುಗಿಸಿದರೂ ಎಲೆಗಳು ಮುಚ್ಚುವುದಿಲ್ಲ. ‘ಲೆನ್ಸ್ ಹಾಳಾಗಿದೆ’ ಎಂದು ಇದನ್ನು ನನ್ನಲ್ಲಿಗೆ ತಂದವರಿದ್ದಾರೆ. ಕೆಲವು ಬಾಡಿಗಳ ಮೆನುವಿನಲ್ಲಿ ‘ಲೆನ್ಸ್ ಇಲ್ಲದಿದ್ದರೂ ಶಟರ್ ಬೀಳಲಿ’ ಎಂಬ ಅರ್ಥದ ಆಯ್ಕೆಯನ್ನು ಆನ್ ಮಾಡಬೇಕು. ಬಾಡಿಯೊಳಗೆ ಸ್ಟೆಬಿಲೈಸೇಶನ್ ಇದ್ದರೆ ಲೆನ್ಸಿನ ಎಂಎಂ ಸಂಖ್ಯೆಯನ್ನು ನೀವೇ ತುಂಬಬೇಕು. 135ನ್ನು 50 ಎಂದು ಬಿಟ್ಟರೆ ಅಲುಗಾಟ ಸರಿಯಾಗಿ ನಿಲ್ಲುವುದಿಲ್ಲ. ಫೋಕಸಾದ ಅಂಚಿಗೆ ಕೆಂಪು ಬಣ್ಣ ಬಳಿದು ತೋರಿಸುವ ಪೀಕಿಂಗ್ ಚೆಂದ ಕಾಣುತ್ತದೆ, ಆದರೆ ಅದು ಸ್ವಲ್ಪ ಬಾಯಿಬಡುಕ. ನಿಜ ಬೇಕೆಂದರೆ ಚಿತ್ರವನ್ನು ಹಿಗ್ಗಿಸಿ ನೋಡಬೇಕು. ಅಗ್ಗದ ಕೊಳವೆಗಳನ್ನು ಬೇಕೆಂದೇ ಕೂದಲೆಳೆಯಷ್ಟು ಗಿಡ್ಡ ಮಾಡಿರುತ್ತಾರೆ, ಹಾಗಾಗಿ ಬಳೆ ಕೊನೆಗೆ ತಾಗುವ ಮೊದಲೇ ದಿಗಂತ ಸ್ಪಷ್ಟವಾಗಿರುತ್ತದೆ. ಕತ್ತಲಲ್ಲಿ ‘ಕೊನೆಗೆ ತಿರುಗಿಸಿದರಾಯಿತು’ ಎಂದು ನಕ್ಷತ್ರ ತೆಗೆಯಲು ಹೋದವರು ಇದರಿಂದಲೇ ಮೋಸ ಹೋಗುತ್ತಾರೆ. ಮಲ್ಪೆಯ ದಡದಲ್ಲಿ ನಿಂತು ಸೇಂಟ್ ಮೇರಿಸ್ ದ್ವೀಪದ ತೆಂಗಿನ ಸಾಲಿಗೆ ಒಮ್ಮೆ ಫೋಕಸ್ ಮಾಡಿ, ಬಳೆ ಎಲ್ಲಿ ನಿಂತಿತೋ ಅಲ್ಲಿಗೆ ಗುರುತು ಹಾಕಿಕೊಳ್ಳಿ.

ಹಾಗಾದರೆ ಮಿರರ್‌ಲೆಸ್ ತಗೊಳ್ಳಲೇ? ಈ ಲೆನ್ಸುಗಳಿಗೋಸ್ಕರ ಈಗಲೇ ಬೇಡ ಎಂದೇ ನನ್ನ ಅಭಿಪ್ರಾಯ. ಒಂದು ಮೇಳದ ತಿರುಗಾಟದಷ್ಟು ಕಾಲ 50 ಎಂಎಂ ನಿಕಾನಿನಲ್ಲಿ ದುಡಿಯಿರಿ. ಕೈಫೋಕಸ್ ನಿಮಗೆ ಒಗ್ಗುತ್ತದೋ ಇಲ್ಲವೋ ಅಷ್ಟರಲ್ಲಿ ಗೊತ್ತಾಗುತ್ತದೆ. ಕೆಲವರಿಗೆ ಒಗ್ಗುವುದಿಲ್ಲ, ಅದು ತಪ್ಪೇನಲ್ಲ. ಬೆಳಕು ಅಳೆಯದ್ದೇ ದೊಡ್ಡ ಕಿರಿಕಿರಿ ಅನ್ನಿಸಿದರೆ ಹಳೆಯ ಡಿ7200 ಒಂದನ್ನು ಹುಡುಕಿ. ಅದರ ಮೆನುವಿನಲ್ಲಿ 50 ಎಂಎಂ, ಎಫ್/1.4 ಎಂದು ತುಂಬಿಸಿದರೆ ಎಐ ಲೆನ್ಸಿಗೆ ಅದು ಬೆಳಕು ಅಳೆಯುತ್ತದೆ. ಅದರ ನಂತರ ಬಂದ ಡಿ7500ರಲ್ಲಿ ಈ ಸೌಲಭ್ಯವನ್ನು ತೆಗೆದುಹಾಕಿದ್ದಾರೆ, ಹೊಸದು ಮೇಲು ಎಂದುಕೊಂಡು ಬೇಸ್ತು ಬೀಳಬೇಡಿ.

ಕೊನೆಯದಾಗಿ ಇಡುವ ಜಾಗ. ಹಿಂದೆ ನಮ್ಮೂರ ಸ್ಟುಡಿಯೋದವರು ಕ್ಯಾಮೆರಾ ಕಪಾಟಿನೊಳಗೆ ಒಂದು ಝೀರೋ ಬಲ್ಬನ್ನು ಮಳೆಗಾಲವಿಡೀ ಉರಿಸುತ್ತಿದ್ದರು. ಅದು ಹೆಸರಿಗೆ ಝೀರೋ. ಹತ್ತು ಹದಿನೈದು ವಾಟ್ ಎಳೆದು ಕಪಾಟನ್ನು ಬೆಚ್ಚಗಿಡುತ್ತಿತ್ತು. ಈಗ ಅದೇ ಉಪಾಯವೆಂದು ಎಲ್‌ಇಡಿ ಝೀರೋ ಬಲ್ಬ್ ಹಾಕುವವರಿದ್ದಾರೆ. ಅದು ಬಿಸಿಯೇ ಆಗುವುದಿಲ್ಲ, ಫಂಗಸ್ಸಿಗೆ ಓದಲು ದೀಪ ಹಾಕಿಕೊಟ್ಟ ಹಾಗೆ. ಕುಚ್ಚಲಕ್ಕಿ ಡಬ್ಬದಲ್ಲಿ ಹೂತಿಡುವುದೂ ಬೇಡ, ಅಕ್ಕಿಯ ಹುಡಿ ಬಳೆಗಳ ಸಂದಿಗೆ ಇಳಿಯುತ್ತದೆ. ನುಸಿಗುಳಿಗೆ, ಕರ್ಪೂರ ಹಾಕಿದ ಕಪಾಟಂತೂ ಬೇಡವೇ ಬೇಡ. ಅಂಗಳದ ಬಿಸಿಲಿಗೆ ಹಪ್ಪಳದ ಜೊತೆ ಒಣಗಲು ಇಡುವವರಿಗೂ ಒಂದು ಮಾತು: ಬಿಸಿಲು ಫಂಗಸ್ಸನ್ನು ಕೊಲ್ಲಬಹುದು, ಒರೆಸುವುದಿಲ್ಲ. ಬಿಸಿಗೆ ಗ್ರೀಸು ಕರಗಿ ಎಲೆಗಳಿಗೆ ಇಳಿಯುತ್ತದೆ, ಮುಚ್ಚಳ ತೆಗೆದ ಲೆನ್ಸು ಭೂತಗನ್ನಡಿಯಾಗಿ ಕೆಳಗಿನ ಚಾಪೆಯನ್ನೇ ಸುಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಎರಡು ಮುಷ್ಟಿ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಮೀಟರ್ ಇಷ್ಟು ಸಾಕು. ಮುಳ್ಳು 40ರಿಂದ 50 ಶೇಕಡಾದ ನಡುವೆ ಇರಲಿ. ಇನ್ನೂ ಇಳಿಸಿದರೆ ಗ್ರೀಸು ಒಣಗುತ್ತದೆ. ಜೆಲ್ಲಿನ ಬಣ್ಣ ಬದಲಾದಾಗ ಸಣ್ಣ ಉರಿಯಲ್ಲಿ ಬಿಸಿಮಾಡಿ ಮತ್ತೆ ಬಳಸಬಹುದು. ಅದಕ್ಕೊಂದು ಹಳೆಯ ಕಾವಲಿ ಬೇರೆಯೇ ಇಟ್ಟುಕೊಳ್ಳಿ, ನೀರುದೋಸೆಯದ್ದು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಲೆನ್ಸನ್ನು ವಾರಕ್ಕೊಮ್ಮೆ ಹೊರತೆಗೆದು ನಾಲ್ಕು ಫೋಟೋ ತೆಗೆಯಿರಿ.

ದೊಡ್ಡಪ್ಪನ ಚರ್ಮದ ಚೀಲವನ್ನು ಒರೆಸಿ, ಗಾಳಿಯಾಡುವ ಗೋಡೆಯ ಮೊಳೆಗೆ ತೂಗುಹಾಕಿ. ಲೆನ್ಸುಗಳನ್ನು ಮಾತ್ರ ಅದರೊಳಗೆ ಮತ್ತೆ ಇಡಬೇಡಿ.